ಯಾವ ಕಲೆ?

ಗ್ರಿಮ್ಸ್‌ಬಿಯಲ್ಲಿ, ಮೀನಿನ ಕಟ್ಟೆಗೆ ಬೆನ್ನು ಕೊಟ್ಟ ಓಣಿಯಲ್ಲಿ
ಗ್ಲೆನಿಸ್ ಟಾಸ್ಕರಳ ಬಟ್ಟೆ ಒಗೆಯುವ ಅಂಗಡಿ.
ಹತ್ತು ಯಂತ್ರ. ಹನ್ನೊಂದು ವರ್ಷದಿಂದ
ಅವುಗಳ ಹೊಟ್ಟೆನೋವಿಗೆಲ್ಲ ನಾನೇ ವೈದ್ಯೆ.

ಆರನೇ ನಂಬರಿನದು ಹುಟ್ಟು ಹಟಮಾರಿ.
ನಾಣ್ಯ ನುಂಗುವುದು, ನೀರು ಬಿಡದು.
ಗ್ಲೆನಿಸ್ ಸೊಂಟದಿಂದ ಒಂದು ಗುದ್ದು ಕೊಡುವಳು,
ಎಡಕ್ಕೆ, ಬಾಗಿಲಿಂದ ಒಂದು ಗೇಣು ಕೆಳಗೆ.
ವಿಲ್ಫ್ ಸ್ಟಬ್ಸ್, ಉತ್ತರದ ಕಡಲಿನ ಬಲೆಗೆ
ಎರಡು ಬೆರಳು ಕೊಟ್ಟು ಬಂದವನು,
ಅದರ ಏಳು ತಲೆಮಾರನ್ನು ಜಾಲಾಡುವನು.
ಆಮೇಲೆ ಅದು ಗುರ್ ಎಂದು ತಿರುಗುವುದು.
ಎಲ್ಲರಿಗೂ ಸಮಾಧಾನ.

ನಾನು ರಿಪೇರಿ ಮಾಡಬಹುದಿತ್ತು.
ಮಾಡಲಿಲ್ಲ.
ಊರೆಂದ ಮೇಲೆ ಜಗಳಕ್ಕೊಂದು ಜಾಗ ಬೇಡವೆ?

ಈ ಚಳಿಗೆ ಬಂದವು ಮಾತಾಡುವ ಯಂತ್ರಗಳು.
ಗುಂಡಿಯಿಲ್ಲ, ತಿರುಪಿಲ್ಲ, ನಾಣ್ಯಕ್ಕೆ ಬಾಯಿಲ್ಲ.
ಬಾಗಿಲು ತೆರೆದರೆ ನಮಸ್ಕಾರ, ಮುಚ್ಚಿದರೆ ಧನ್ಯವಾದ.
ಅಭ್ಯಾಸಬಲದಿಂದ ವಿಲ್ಫ್ ಒದ್ದ.
"ಕ್ಷಮಿಸಿ, ನನ್ನಿಂದ ಏನಾದರೂ ತಪ್ಪಾಯಿತೆ?"
ಎಪ್ಪತ್ತೊಂಬತ್ತರ ಮುದುಕ
ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತದೆ ನಮ್ಮ ಗಾದೆ.
ಜಗಳವೇ ಬಾರದವರ ಜೊತೆ ಏಗುವುದು ಹೇಗೆ
ಅನ್ನುವ ಮುಂದಿನ ಸಾಲನ್ನು
ಯಾರೂ ಕಟ್ಟಿಟ್ಟು ಹೋಗಿಲ್ಲ.

ಅದು ಮತ್ತೆ ಕೇಳಿತು: "ಇದು ಯಾವ ಕಲೆ?"
ತಲೆದಿಂಬಿನ ಬಿಳಿ ಚೀಲ. ಕಂದು ಚುಕ್ಕೆಗಳು.
"ಚಹಾ" ಅಂದ ವಿಲ್ಫ್, ಕಿವಿ ಕೆಂಪಗೆ ಮಾಡಿಕೊಂಡು.
ಚಹಾ ಅಲ್ಲ ಅಂತ ನನಗೆ ಗೊತ್ತು, ಅವನ ಕೆಮ್ಮು ಕೇಳಿದ್ದೇನೆ.
ಗ್ಲೆನಿಸಳಿಗೂ ಗೊತ್ತು. ಬೆನ್ನು ತಿರುಗಿಸಿ
ಸೋಪಿನ ಪುಡಿಯ ಡಬ್ಬಿ ಎಣಿಸತೊಡಗಿದಳು,
ಎಣಿಸಿದ್ದನ್ನೇ ಎಣಿಸಿದಳು.

ಯಂತ್ರ ಸರಿ ಅಂದಿತು.
ಚಹಾದ ಕಲೆಗೆ ಬಿಡುವ ಬಿಸಿನೀರು ಬಿಡದೆ
ತಣ್ಣೀರು ಬಿಟ್ಟಿತು.
ರಕ್ತಕ್ಕೆ ತಣ್ಣೀರು ಅಂತ ಹೆಂಗಸರಿಗೆ ಹೇಳಿಕೊಡಬೇಕಿಲ್ಲ;
ಇದಕ್ಕೆ ಯಾರು ಹೇಳಿಕೊಟ್ಟರೋ.
ಮತ್ತೆ ಏನೂ ಕೇಳಲಿಲ್ಲ ಅದು.

ಆರನೇ ನಂಬರನ್ನು ಮೂವತ್ತು ವರ್ಷ ಬೈದಿದ್ದರು,
ಒದ್ದಿದ್ದರು, ಬೇಡಿಕೊಂಡಿದ್ದರು.
ಸುಳ್ಳು ಮಾತ್ರ ಯಾರೂ ಹೇಳಿರಲಿಲ್ಲ.
ಸುಳ್ಳಿಗೆ ಎದುರಲ್ಲೊಂದು ಕಿವಿ ಬೇಕು,
ಆ ಕಿವಿಯ ಮುಂದೆ ಸ್ವಲ್ಪ ನಾಚಿಕೆ ಬೇಕು.

ಬೆಟಗೇರಿಯ ಪವರ್‌ಲೂಮ್ ಶೆಡ್ಡಿನಲ್ಲಿ ದೊಡ್ಡಮ್ಮ
ಮಗ್ಗದ ಮೈಮೇಲೆ ಅಂಗೈ ಇಟ್ಟು
"ಇವತ್ತ ಇದಕ್ಕ ಮನಸ್ಸಿಲ್ಲ" ಅನ್ನುತ್ತಿದ್ದಳು.
ಮಗ್ಗ ಏನೂ ಅಂದಿರುತ್ತಿರಲಿಲ್ಲ,
ಅದರ ಪರವಾಗಿ ಇವಳು ಆಡುತ್ತಿದ್ದಳು.
ಅಂಗೈಗೆ ಆಗ ಒಂದು ಭಾಷೆಯಿತ್ತು;
ನನಗದು ಅರ್ಧ ಬಂದಿತ್ತು.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಬ್ಬಳೇ ನಿಂತು
"ಏನಪಾ?" ಅಂದೆ.
"ನೀವು ಹೇಗಿದ್ದೀರಿ?" ಅಂದಿತು
ವಾರ್ತೆ ಓದುವವರ ಕನ್ನಡದಲ್ಲಿ.
ಬಾಯಿ ಕಟ್ಟಿತು ನನಗೆ.
ಇಲ್ಲಿನ ನುಡಿಗೆ ಈ ತೊಡಕಿಲ್ಲ, ಎಲ್ಲರಿಗೂ ಒಂದೇ ಯೂ.
ನಾನೀಗ ನೀನು ಅನ್ನಲೆ, ನೀವು ಅನ್ನಲೆ?
ನೀನು ಅಂದರೆ ಆಳು, ಇಲ್ಲವೆ ಗೆಳತಿ, ಇಲ್ಲವೆ ದೇವರು.
ನೀವು ಅಂದರೆ ಬ್ಯಾಂಕಿನವರು, ಬೀಗರು.
ನಡುವೆ ಇನ್ನೊಂದು ಪದ
ಇದ್ದಿದ್ದರೆ ಚೆನ್ನಾಗಿತ್ತು.

ಆರನೇದು ಹಿತ್ತಲಲ್ಲಿದೆ, ತಾಡಪಾಲಿನಡಿ.
ಸಿಗರೇಟಿಗೆಂದು ವಿಲ್ಫ್ ಹೊರಗೆ ಹೋದಾಗ
ಧಡ್ ಎಂದು ಒಂದು ಒದೆ ಕೇಳಿಸುತ್ತದೆ.
ಗ್ಲೆನಿಸ್ ನಗುವುದಿಲ್ಲ. ನಾನೂ ಇಲ್ಲ.

ಅಂಗಿಯೊಂದನ್ನು ಒಳಗಿಟ್ಟೆ, ಪರೀಕ್ಷೆಗೆ.
"ಇದು ಯಾವ ಕಲೆ?"
ನಮ್ಮಲ್ಲಿ ಆ ಮಾತಿಗೆ ಎರಡು ಅರ್ಥ;
ಅದಕ್ಕೆ ಗೊತ್ತಿದ್ದರೂ ಇರಬಹುದು.
"ಚಹಾ" ಅಂದೆ.

ನೀರು ಬಿದ್ದ ಸದ್ದು.
ಬಿಸಿಯೋ ತಣ್ಣಗೋ ತಿಳಿಯಲೆಂದು
ಗಾಜಿನ ಮೇಲೆ ಅಂಗೈ ಇಟ್ಟೆ.