ಉಪ್ಪು ನೋಡುವವಳು

ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬಾ ಅಂದಿದ್ದರು.
ಖಾಲಿ ಎಲ್ಲಿ? ಒಳಗೊಬ್ಬರು ಆಗಲೇ ಎದ್ದು
ಕಾಲು ಚಾಚುತ್ತಿದ್ದರು.

ದೊಡ್ಡಾಸ್ಪತ್ರೆಯ ಕಿಟಕಿ ಪಕ್ಕ
ಫ್ಲೋರಿನ್ ಸಿಸ್ಟರ್ ನರ ಹುಡುಕಿ, ರಕ್ತ ತೆಗೆದು, ಲೋಟ ಕೊಟ್ಟರು:
ಎಪ್ಪತ್ತೈದು ಗ್ರಾಂ ಗ್ಲೂಕೋಸು, ಹಿಂಡಿದ ಅರ್ಧ ನಿಂಬೆ.
"ಐದು ನಿಮಿಷದಲ್ಲಿ ಮುಗಿಸು. ವಾಂತಿಯಾದರೆ ಮತ್ತೆ ನಾಳೆ."
ತುಂಗೆಯ ನೀರು ಕುಡಿಯೋಕೆ ಸಿಹಿ ಅಂತಾರೆ ಶಿವಮೊಗ್ಗದವರು.
ಇಂಥ ಸಿಹಿಯನ್ನ ತುಂಗೆಯೂ ಕಂಡಿರಲಿಕ್ಕಿಲ್ಲ.

ಎರಡು ಗಂಟೆ ಬೆಂಚು.
ಪಕ್ಕದಲ್ಲಿ ತೀರ್ಥಹಳ್ಳಿ ಕಡೆಯವಳು, ಕಡ್ಡಿ ಹಾಗಿದ್ದಾಳೆ,
ಅವಳ ಕೈಯಲ್ಲೂ ಅದೇ ಲೋಟ.
ಅವಳ ಅತ್ತೆ ನನ್ನ ತೋರಿಸಿ ಅಂದರು,
"ಇವಳ ನೋಡು, ಹೇಗೆ ಮೈಕೈ ತುಂಬಿಕೊಂಡಿದ್ದಾಳೆ."
ಸುಮ್ಮನೆ ನಕ್ಕೆ.
ನಮ್ಮ ಮಾತಿನಲ್ಲಿ ಕೊಬ್ಬಿಗೆ ಎರಡರ್ಥ.
ದಪ್ಪಗಿರುವವಳು ಎದುರು ಮಾತಾಡಿದರೆ ಎರಡೂ ಒಟ್ಟಿಗೆ ಅಂಟುತ್ತವೆ.
ಏಳನೇ ಕ್ಲಾಸಿನಿಂದ ನಾನು ಎದುರು ಮಾತಾಡಿಲ್ಲ.

"ಏನು ತಿಂತೀಯ?" ಡಾಕ್ಟರಮ್ಮ ಕೇಳಿದರು.
ಬಸ್‌ಸ್ಟ್ಯಾಂಡ್ ಎದುರು ನಮ್ಮ ಗಾಡಿ, ನಾಲ್ಕರಿಂದ ಹತ್ತು.
ನಾನು ಕಲಸ್ತೀನಿ, ಹುಚ್ಚರಾಯ ಕರೀತಾನೆ.
ಮೊದಲ ಬಾಣಲೆಯ ಬೋಂಡಾ ಒಂದು, ಉಪ್ಪು ನೋಡೋಕೆ.
ಬಜ್ಜಿ ಒಂದು, ಖಾರ ನೋಡೋಕೆ.
ಬಸ್ಸು ಕಮ್ಮಿ ಇದ್ದ ದಿನ ಉಳಿದಿದ್ದೇ ರಾತ್ರಿಯೂಟ;
ಅನ್ನಕ್ಕಿಟ್ಟರೆ ಹನ್ನೊಂದಾಗುತ್ತೆ, ಎಸೆಯೋಕೆ ಮನಸ್ಸು ಬರೋಲ್ಲ.
ಅದರ ಮೇಲೆ ಶಿಕಾರಿಪುರದಿಂದ ಅತ್ತೆ ಕಳಿಸಿದ ತುಪ್ಪದ ಡಬ್ಬಿ.
"ಎರಡು ಜೀವ, ಇಬ್ಬರ ಪಾಲು ತಿನ್ನು."
ಅವರ ಕಾಲಕ್ಕೆ ಒಬ್ಬರ ಪಾಲೂ ಇರಲಿಲ್ಲ,
ಗಂಜಿ ಕುಡಿದು ಮೂರು ಹೆತ್ತವರು.
ಆ ಹಸಿವನ್ನೆಲ್ಲ ನನ್ನ ತಟ್ಟೆಯಲ್ಲಿ ತೀರಿಸಿಕೊಳ್ಳುತ್ತಿದ್ದರು.

ಡಾಕ್ಟರಮ್ಮ ಚೀಟಿಯ ಹಿಂದೆ ಒಂದು ಬಾಗಿಲು ಬರೆದರು.
ಬಡಿಯುತ್ತಾ ನಿಂತಿರೋದು ಇನ್ಸುಲಿನ್.
ಕೊಬ್ಬು ತುಂಬಿದ ಮನೆ, ಒಳಗಿನವರಿಗೆ ಕೇಳಿಸೋಲ್ಲ.
ಮಾಸು ಬೇರೆ ಅವರ ಕಿವಿ ಮುಚ್ಚುತ್ತಂತೆ,
ಮಗುವಿಗೆ ನಾಲ್ಕು ತುತ್ತು ಹೆಚ್ಚು ಸಿಗಲಿ ಅಂತ.
ಒಳಗೆ ಹೋಗಲಾರದ ಸಕ್ಕರೆ ಬೀದಿ ಅಲೆದು
ಹೊಕ್ಕುಳಬಳ್ಳಿ ಹಿಡಿದು ಆ ಕಡೆ ಹೊರಡುತ್ತೆ.
"ನಿನ್ನ ಇನ್ಸುಲಿನ್ ಅಲ್ಲಿಗೆ ದಾಟೋಲ್ಲ.
ಅದರದ್ದು ಅದೇ ಮಾಡ್ಕೋಬೇಕು."
ಅಂದರೆ
ಹುಟ್ಟೋಕೆ ಮುಂಚೆಯೇ ನಮ್ಮ ಕೂಸು
ಓವರ್‌ಟೈಮ್ ದುಡಿಯುತ್ತಿದೆ,
ದುಡಿದು ದುಡಿದು ಊದಿಕೊಳ್ಳುತ್ತಿದೆ.

ತೊಂಬತ್ತೆಂಟು, ನೂರ ತೊಂಬತ್ತಾರು, ನೂರ ಅರವತ್ತೆರಡು.
"ನಿನ್ನೊಬ್ಬಳದೇ ತಪ್ಪು ಅಂತಲ್ಲ" ಅಂದರು.
ಕಡ್ಡಿಯಂಥವಳಿಗೂ ಬಂದಿತ್ತು. ಅವಳು ಅಳುತ್ತಿದ್ದಳು,
ನನಗೆ ಅಳು ಬರಲಿಲ್ಲ, ಹಸಿವಾಗಿತ್ತು.

ಆ ಸಂಜೆ ಬೋಂಡಾ ಕಟ್ಟುವ ಪೇಪರು ಬಲ್ಬಿಗೆ ಹಿಡಿದೆ.
ಎಣ್ಣೆ ಕುಡಿದಲ್ಲಿ ಆಚೆ ಬದಿಯ ಅಕ್ಷರ ಉಲ್ಟಾ ಕಾಣುತ್ತಿತ್ತು.
ಸ್ಕ್ಯಾನಿನಲ್ಲೂ ಹೀಗೇ,
ಏನೋ ಇದೆ, ಓದೋಕೆ ಬರೋಲ್ಲ.

ಈಗ ಉಪ್ಪು ಹುಚ್ಚರಾಯನೇ ನೋಡ್ತಾನೆ.
ಜಾಸ್ತಿಯಾಗುತ್ತೆ, ಗಿರಾಕಿಗಳು ಬೈತಾರೆ.
ಏಳಕ್ಕೆ ಗಾಡಿಯ ಹಿಂದೆ ಸ್ಟೂಲು, ಎರಡು ಜೋಳದ ರೊಟ್ಟಿ,
ಹೆಸರುಕಾಳಿನ ಪಲ್ಯ. ತುಂಗಾ ಸೇತುವೆವರೆಗೆ ನಡೆದು ವಾಪಸ್ಸು.
ಲಾರಿ ಬಂದರೆ ಸೇತುವೆ ಅದುರುತ್ತೆ,
ಒಳಗಿನವರು ಅದಕ್ಕೊಂದು ಒದ್ದು ಉತ್ತರ ಕೊಡುತ್ತಾರೆ.

ಇನ್ನೊಂದು ಡಬ್ಬಿ ಕಳಿಸಲಾ, ಅತ್ತೆ ಫೋನು ಮಾಡಿದರು.
"ಬೇಡ, ಸಾಕು" ಅಂದೆ.
ಆಚೆ ಕಡೆ ಸ್ವಲ್ಪ ಹೊತ್ತು ಯಾರೂ ಇರಲಿಲ್ಲ.
ಆಮೇಲೆ, "ಕೊಬ್ಬು."
ಈ ಸಲ ಒಂದೇ ಅರ್ಥದಲ್ಲಿ.

ಕಡಲೆಹಿಟ್ಟು, ಎಣ್ಣೆ, ಗ್ಯಾಸು, ಅದರ ಕೆಳಗೆ
ಹುಚ್ಚರಾಯ ಇವತ್ತು ಬರೆದ: ಗುತ್ತಿ, ತೊಂಬತ್ತೊಂದು.
ಬೀಡಾ ಅಂಗಡಿಯ ಕರಿಯಣ್ಣ ಇಣುಕಿದ,
"ಯಾರದ್ದಯ್ಯ ಬಾಕಿ?"
"ಬಾಕಿ ಅಲ್ಲಣ್ಣ, ಜಮೆ."

ನಾನು ಮೆಣಸಿನಕಾಯಿ ಸೀಳುತ್ತಿದ್ದೆ.
ಹೆತ್ತು ಆರು ವಾರಕ್ಕೆ ಇನ್ನೊಂದು ಲೋಟ ಕುಡೀಬೇಕು,
ಆಮೇಲೂ ಆಗಾಗ, ಜೀವ ಇರೋವರೆಗೆ.
ಅವನಿಗೆ ಹೇಳಿಲ್ಲ ಇನ್ನೂ.