ಏರಿನ ಲೆಕ್ಕ

ದಾವಣಗೆರೆ ಷೋರೂಮಿನ ಹುಡುಗ
ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ:
ಗ್ಯಾಸಾದ್ರೆ ಕಿಲೋಮೀಟರಿಗೆ ಇಷ್ಟು ಉಳೀತದೆ ಪಾಲಾಕ್ಷಣ್ಣ,
ಹೊಗೆನೂ ಇಲ್ಲ.
ತಲೆದೂಗಿದೆ. ಲೆಕ್ಕ ಸುಳ್ಳಲ್ಲ.

ಆದರೆ ಅವನು ಕಂಡಿಲ್ಲ,
ಗಾಳಿಯಂತ್ರದ ರೆಕ್ಕೆ ಬೆನ್ನಿಗೆ ಕಟ್ಟಿಕೊಂಡು
ದುರ್ಗದ ಗುಡ್ಡದ ಮೂರನೇ ತಿರುವಿನಲ್ಲಿ
ಟ್ರೇಲರು ಹಿಂದಕ್ಕೆ ಜಗ್ಗುವುದನ್ನು,
ಸಂತೆಯಲ್ಲಿ ಕೊಂಡ ಎಮ್ಮೆ
ಹಳೇ ಮನೆ ಕಡೆಗೇ ಜಗ್ಗುವ ಹಾಗೆ.
ಆಗ ಫಸ್ಟ್ ಗೇರು, ಡೀಸೆಲ್ಲಿನ ಆ ದಪ್ಪ ದನಿ,
ಚಕ್ರಕ್ಕೆ ಕೊಡುವ ಕಲ್ಲು ಎದೆಗವಚಿ
ಪಕ್ಕದಲ್ಲೇ ಓಡುವ ಕ್ಲೀನರ್ ಮಕ್ತುಂ:
‘ಬರ್ಲಿ, ಬರ್ಲಿ, ಬರ್ಲಿ...’

ಹುಲಿಗೆಮ್ಮ ಕೇಳಿದ್ದು ಒಂದೇ:
ಗ್ಯಾಸಿನ ಗಾಡಿ ತಂದ್ರೆ ಅಂಗಿ ನಾರಂಗಿಲ್ಲೇನು?
ಇಪ್ಪತ್ತು ವರ್ಷ ಒಗೆದವಳು.
ನಾನು ಚಪ್ಪಲಿ ಹುಡುಕಿದೆ.

ಡೀಸೆಲ್ಲಿಗೇ ಸಹಿ ಹಾಕಿದೆ.

ಮೊನ್ನೆ ಮೇಲೆ ರೆಕ್ಕೆ ಇಳಿಸಿ ಚಾ ಕುಡಿವಾಗ
ಹೋದ ವರ್ಷ ನಾನೇ ಎಳೆದು ತಂದದ್ದು
ತಲೆಯ ಮೇಲೆ ತಿರುಗುತ್ತಿತ್ತು,
ಯಾವ ಬಂಕಿನ ಸಾಲಿಗೂ ನಿಲ್ಲದೆ.
ಅಂಗಿಯ ತೋಳು ಮೂಸಿಕೊಂಡೆ.
ಇಳಿದು ಬರುವಾಗ ಸಂತೇಪೇಟೆಯಲ್ಲಿ
ಎರಡು ಸೋಪು ಕೊಂಡೆ,
ದೊಡ್ಡವು.