ಕಪ್ಪು-ಬಿಳುಪು ಎರಡು ರೂಪಾಯಿ

ಮಲ್ಪೆ ಬಸ್‌ಸ್ಟ್ಯಾಂಡಿನಿಂದ ಐಸ್ ಫ್ಯಾಕ್ಟರಿಗೆ ತಿರುಗುವಲ್ಲಿ
ನನ್ನದೊಂದು ಜೆರಾಕ್ಸ್ ಅಂಗಡಿ.
ಕಪ್ಪು-ಬಿಳುಪು ಎರಡು ರೂಪಾಯಿ, ಕಲರು ಹತ್ತು.
ಲ್ಯಾಮಿನೇಶನ್ ಬೇಕಾದರೆ ನಿಲ್ಲಬೇಕು,
ಮೆಶಿನು ಬಿಸಿಯಾಗಬೇಕು.

ಸೋಮವಾರ ಒಂದೇ ದಿನ ನೂರ ಎಂಬತ್ತು ಆಧಾರ್.
ದಕ್ಕೆಯಲ್ಲಿ ತಪಾಸಣೆಯಂತೆ,
ಹೊರದೇಶದವರು ಸೇರಿಕೊಂಡಿದ್ದಾರಂತೆ.
ಕಾನೂನು ಎಲ್ಲರಿಗೂ ಒಂದೇ ಅಲ್ಲವಾ ಅಂದುಕೊಂಡು
ಇನ್ನೆರಡು ಕಟ್ಟು ಕಾಗದ ತರಿಸಿಟ್ಟೆ.

ಸಾಲಿನಲ್ಲಿ ನಿಂತವರು ಯಾರು?
ಮುರ್ಶಿದಾಬಾದಿನ ಅಷ್ರಫುಲ್, ಅವನ ಭಾವಮೈದ.
ಗೋಲ್ಪಾರದ ಹುಡುಗರು ಮೂವರು, ಮೈಯೆಲ್ಲ ಮೀನಿನ ಪರೆ.
ಮಯೂರ್‌ಭಂಜದ ಸುನಾರಾಮ. ಅವನದು ಬರೀ ಗಡ್ಡದ ತಪ್ಪು:
ಕಡಲಲ್ಲಿ ಹತ್ತು ದಿನ ಬ್ಲೇಡು ಸಿಕ್ಕಿರಲಿಲ್ಲ.

ಬಾರದಿದ್ದವರೂ ಉಂಟು.
ಲಾಡ್ಜಿನ ವಾಚ್‌ಮನ್ ಟೇಕ್ ಬಹಾದ್ದೂರ್ ಬರಲಿಲ್ಲ,
"ಸಲಾಂ ಹೊಡೆದೆ ಅಕ್ಕಾ, ಹೋದರು."
ಬೀಚಿನ ಗಾಳಿಮರಗಳ ನಡುವೆ ಜೋಲಿ ಕಟ್ಟಿ ಮಲಗುವ
ಕೆಂಪು ಗಡ್ಡದವನೂ ಬರಲಿಲ್ಲ.
ಅವನ ವೀಸಾ ಮುಗಿದು ಇಪ್ಪತ್ತು ದಿನ.
ನನಗೆ ಗೊತ್ತು, ಕಾಪಿ ತೆಗೆದವಳು ನಾನೇ.
ಅವನಿಗೆ ಪೊಲೀಸಿನವರು ಗುಡ್‌ಮಾರ್ನಿಂಗ್ ಅಂದರು.

ದೊಡ್ಡಮ್ಮನ ಮಗ ಪದ್ಮನಾಭ, ನಮ್ಮ ಪಮ್ಮಣ್ಣ,
ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು ಕೂತ.
"ಮುಖ ನೋಡಿ ಹಿಡಿಯುವುದಲ್ಲ ಮಾರಾಯ್ತಿ, ಮಾತು ಕೇಳುವುದು.
ನೀರಿಗೆ ಎಂತ ಹೇಳ್ತಾನೆ ಅಂತ.
ಜಲ ಅಂದರೆ ಈಚೆಯವ, ಪಾನಿ ಅಂದರೆ ಆಚೆಯವ."
"ಯಾರು ಹೇಳಿದ್ದು?"
"ಮೇಲಿನವರು."

ನಾನು ನೀರ್ ಅನ್ನುತ್ತೇನೆ,
ತೊಟ್ಟಂನ ಸೆವ್ರಿನ್ ಬಾಯಿ ಉದಾಕ್ ಅನ್ನುತ್ತಾಳೆ.
ದೆಹಲಿಯ ದೊಡ್ಡ ದೊಡ್ಡ ಸಾಹೇಬರೆಲ್ಲ
ಬಾಯಾರಿದರೆ ಎಂತ ಕೇಳುತ್ತಾರೆ ಪಮ್ಮಣ್ಣ?

ಅವನು ನಗಲಿಲ್ಲ.
"ನಿನಗೆ ತಮಾಷೆ. ಕಡಲು ಅಂದರೆ ಬಾಗಿಲಿಲ್ಲದ ಮನೆ.
ನೂರರಲ್ಲಿ ಒಬ್ಬ ಬಂದರೂ ಮರುದಿನ ಉಗಿಯುವುದು ನಮಗೇ.
ಎಲ್ಲರನ್ನೂ ಕೇಳಲಿಕ್ಕೆ ಜನ ಎಲ್ಲಿದ್ದಾರೆ?
ಎಲ್ಲಿಂದಾದರೂ ಸುರು ಮಾಡಬೇಕಲ್ಲ."

ಅದೂ ಸುಳ್ಳಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟ ಕಣ್ಣು ಅವನದು.
ಎಲ್ಲಿಂದಾದರೂ. ಸರಿ.
ಆ ಎಲ್ಲಿಂದಾದರೂ ಎಂಬುದು ಪ್ರತಿಸಲ
ಅಷ್ರಫುಲ್‌ನ ಅಂಗಿಜೇಬಿನಿಂದಲೇ ಯಾಕೆ ಸುರುವಾಗುತ್ತದೆ?

ಅಪ್ಪ ಮುಂಬಯಿಯಲ್ಲಿ ಲೋಟ ತೊಳೆಯುತ್ತಿದ್ದಾಗ
ಗಲ್ಲಿಯಲ್ಲಿ ತಡೆದು ಮಾತಾಡು ಅಂದರಂತೆ.
ಅಪ್ಪನಿಗೆ ಮರಾಠಿ ಬರುತ್ತಿತ್ತು,
ಹೆದರಿಕೆಗೆ ಬಾಯಿಗೆ ಬಂದದ್ದು ತುಳು.
ನಗುತ್ತಲೇ ಹೇಳುತ್ತಿದ್ದರು, ಪೆಟ್ಟಿನ ಸುದ್ದಿ ಎತ್ತದೆ.
ಕೊನೆಗಾಲಕ್ಕೆ ಸ್ನಾನ ಮಾಡಿಸುವಾಗ
ಬೆನ್ನು ನೋಡಿ ತಿಳಿದುಕೊಂಡೆ.

ಪಮ್ಮಣ್ಣ ಹೊರಡುವಾಗ ತನ್ನ ಕಾರ್ಡು ಕೊಟ್ಟ,
ಬಡ್ತಿಯ ಫೈಲಿಗೆ ಎರಡು ಪ್ರತಿ.
ಬಂದದ್ದನ್ನು ಬೆಳಕಿಗೆ ಹಿಡಿದು,
"ಇದು ನಾನಾ? ಸ್ವಲ್ಪ ಬೆಳ್ಳಗೆ ಬರುತ್ತದಾ ನೋಡು."
ನನ್ನ ಮೆಶಿನಿನಲ್ಲಿ ಎಲ್ಲ ಮುಖವೂ ಹಾಗೆಯೇ ಬರುವುದು, ಅಂದೆ.

ಬುಧವಾರ ಅಷ್ರಫುಲ್‌ನನ್ನು ಕರೆದುಕೊಂಡು ಹೋದರು.
ಕಾಪಿ ನಡೆಯುವುದಿಲ್ಲ, ಅಸಲು ತಾ.
ಅಸಲು ಬೋಟಿನ ಧಣಿಯ ಕಪಾಟಿನಲ್ಲಿ,
ಬೀಗದ ಕೈ ಧಣಿಯ ಸೊಂಟದಲ್ಲಿ,
ಧಣಿ ಗೋವೆಯಲ್ಲಿ, ಯಾರದೋ ಮದುವೆಗೆ.
ಮೂರು ದಿನ ಹಾಲಿನಲ್ಲಿ ಕೂರಿಸಿ ಬಿಟ್ಟರು.
ಅವನು ಇಲ್ಲಿಯವನೇ.

ಶನಿವಾರ ಬಂದ. ಬಾಂಗಡೆ ತರುವವನು ಬರಿಗೈಯಲ್ಲಿ.
ಕಾರ್ಡಿಗೆ ಲ್ಯಾಮಿನೇಶನ್ ಬೇಕಂತೆ,
ಮೇಲೆ ಒಂದು ತೂತು ಬೇಕಂತೆ.
ಯಾಕೆ ಅಂತ ಕೇಳಿದೆ, ಕೇಳಬಾರದಿತ್ತು.
"ಕುತ್ತಿಗೆಗೆ ಹಾಕಿಕೊಳ್ಳಲಿಕ್ಕೆ."

ಮೆಶಿನು ಬಿಸಿಯಾಗುವವರೆಗೆ ಇಬ್ಬರೂ ನಿಂತೆವು.
ತೂತು ಹೊಡೆದೆ.
ದಾರ ಅವನೇ ತಂದಿದ್ದ, ಬಲೆಯದು, ನೀಲಿ.
ಇಪ್ಪತ್ತು ರೂಪಾಯಿ ಕೊಟ್ಟ.
ತೆಗೆದುಕೊಂಡೆ.